ದೊಡ್ಡ ಮಾರುಕಟ್ಟೆ, ಸಣ್ಣ ದುರಸ್ತಿ



ಮೈಸೂರಿನ ಎರಡು ಹಳೆಯ ಕಟ್ಟಡಗಳು ಕುಸಿದು ಸುದ್ದಿಯಾದದ್ದು ಆಗಸ್ಟ್ ತಿಂಗಳಲ್ಲಿ. 2012ರ ಆಗಸ್ಟ್‌ನಲ್ಲಿ ಕೆ.ಆರ್. ವೃತ್ತದ ಹತ್ತಿರ ಇರುವ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷದ ಮೇಲೆ, 2016ರ ಆಗಸ್ಟ್ 28ರಂದು, ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲು, ಅಂದರೆ ಧನ್ವಂತರಿ ರಸ್ತೆಯ ಕಡೆಯದು, ನೆಲಕ್ಕೆ ಬಂತು. ಅದು ಬಿದ್ದದ್ದು ದುರಸ್ತಿ ನಡೆಯುತ್ತಿದ್ದಾಗಲೇ. ಎರಡೂ ಕಟ್ಟಡಗಳು ಮಹಾನಗರ ಪಾಲಿಕೆಯ ಸ್ವತ್ತು. ಅಂದಿನಿಂದ ನಮ್ಮ ಊರಿನಲ್ಲಿ ಒಂದು ವಾದ ಶುರುವಾಗಿದೆ: ಕೆಡವಿ ಹೊಸದಾಗಿ ಕಟ್ಟಬೇಕೋ, ಇರುವುದನ್ನೇ ಸರಿಪಡಿಸಬೇಕೋ? ತಜ್ಞರ ಸಮಿತಿಗಳು ಬಂದವು. ಒಂದು ವರದಿ ಕೆಡವುವುದೇ ಸರಿ ಎಂದಿತು, ಪಾರಂಪರಿಕ ಕಟ್ಟಡಗಳನ್ನು ಬಲ್ಲವರ ಇನ್ನೊಂದು ವರದಿ ಉಳಿಸಬಹುದು ಎಂದಿತು. ವಿಷಯ ಹೈಕೋರ್ಟಿಗೆ ಹೋಯಿತು. 2023ರಲ್ಲಿ ನ್ಯಾಯಾಲಯ ಕೆಡವಿ ಕಟ್ಟುವ ಯೋಜನೆಗೆ ದಾರಿ ಬಿಟ್ಟುಕೊಟ್ಟಿತು. ಅದಾದ ಮೇಲೂ ವಾದ ನಿಂತಿಲ್ಲ.

ನಾನು ಈ ಹೊತ್ತು ಮಾತನಾಡಬೇಕೆಂದಿರುವುದು ಯಾರು ಗೆದ್ದರು ಎಂಬುದರ ಬಗ್ಗೆ ಅಲ್ಲ. ಊರಿನ ನಡುಭಾಗದಲ್ಲಿ ಹಳೆಯದನ್ನು ಎಷ್ಟು ಉಳಿಸಿಕೊಳ್ಳಬೇಕು, ಹೊಸದಕ್ಕೆ ಎಷ್ಟು ಜಾಗ ಕೊಡಬೇಕು ಎಂಬ ಲೆಕ್ಕವನ್ನು ನಾವು ತೀರಾ ತಡವಾಗಿ ಮಾಡಲು ಕೂರುತ್ತೇವೆ, ಗೋಡೆ ಬಿದ್ದ ಮಾರನೆಯ ದಿನ. ಆ ಹೊತ್ತಿಗೆ ಲೆಕ್ಕ ಅರ್ಧ ಮುಗಿದುಹೋಗಿರುತ್ತದೆ. ಅದು ನಡೆಯಬೇಕಾದದ್ದು ತಾರಸಿಯ ನೀರು ಹೋಗುವ ತೂಬಿನ ಬಳಿ, ಬಾಡಿಗೆಯ ರಸೀದಿಯಲ್ಲಿ, ಪಾಲಿಕೆಯ ಬಜೆಟ್ಟಿನ ಒಂದು ಸಣ್ಣ ಸಾಲಿನಲ್ಲಿ.

ಮೊದಲು ಮಾರುಕಟ್ಟೆಯೊಳಗೆ ಒಂದು ಸುತ್ತು ಹೋಗಿಬರೋಣ. ಸಯ್ಯಾಜಿರಾವ್ ರಸ್ತೆಯ ಪಕ್ಕದಲ್ಲಿ ಉದ್ದಕ್ಕೆ ಮಲಗಿರುವ ಕಟ್ಟಡ ಇದು. ಈ ರಸ್ತೆಯ ಜಾಡಿನಲ್ಲೇ ಹಿಂದೆ ಪೂರ್ಣಯ್ಯನವರ ಕಾಲದ ನಾಲೆ ಹಾದುಹೋಗುತ್ತಿತ್ತಂತೆ. ಮಾರುಕಟ್ಟೆ ಒಂದೇ ಸಲ ಎದ್ದದ್ದಲ್ಲ. 19ನೆಯ ಶತಮಾನದ ಕೊನೆಯಿಂದ 20ನೆಯ ಶತಮಾನದ ಮೊದಲ ದಶಕಗಳವರೆಗೆ ಹಂತಹಂತವಾಗಿ ಬೆಳೆಯಿತು. ರಸ್ತೆಯ ಕಡೆಗೆ ಮುಖ ಮಾಡಿದ ಸಾಲುಮಳಿಗೆಗಳು, ಅವುಗಳಲ್ಲಿ ಒಂದರಲ್ಲಿ ಮೈಸೂರು ಪಾಕಿಗೆ ಹೆಸರಾದ ಗುರು ಸ್ವೀಟ್ಸ್. ಒಳಕ್ಕೆ ಕಾಲಿಟ್ಟರೆ ವಾಸನೆಯಿಂದಲೇ ದಾರಿ ಗೊತ್ತಾಗುತ್ತದೆ. ಒಂದು ಓಣಿಯಲ್ಲಿ ಬಾಳೆಗೊನೆ, ಇನ್ನೊಂದರಲ್ಲಿ ತರಕಾರಿ. ಮುಂದೆ ಹೋದರೆ ಮಲ್ಲಿಗೆ, ಸೇವಂತಿಗೆ, ಕನಕಾಂಬರ. ಅರಿಶಿನ ಕುಂಕುಮವನ್ನು ಗೋಪುರದ ಹಾಗೆ ಪೇರಿಸಿಟ್ಟವರ ಪಕ್ಕದಲ್ಲೇ ಊದುಬತ್ತಿ, ಗಂಧದೆಣ್ಣೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಮೂರಕ್ಕೂ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದೆ. ಸರ್ಕಾರ ಕೊಟ್ಟ ಆ ಪತ್ರಗಳನ್ನು ನಾವು ಹೆಮ್ಮೆಯಿಂದ ಓದುತ್ತೇವೆ. ಆದರೆ ಆ ಹೂ, ಎಲೆ, ಹಣ್ಣು ತಲೆಮಾರುಗಳಿಂದ ಗಿರಾಕಿಯ ಕೈ ಸೇರುತ್ತಿದ್ದ ಜಾಗದ ತಾರಸಿ ಸೋರುತ್ತಿದೆ ಎಂದರೆ ಆ ಕಡತ ಬೇರೆ ಇಲಾಖೆಯದು.

ಈ ಕಟ್ಟಡ ಯಾಕೆ ಬಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಳೆಯದಾಯಿತು, ಬಿತ್ತು ಎನ್ನುವುದು ಸುಲಭದ ಉತ್ತರ. ಇದಕ್ಕಿಂತ ಹಳೆಯ ಕಟ್ಟಡಗಳು ನಮ್ಮ ಸುತ್ತ ಭದ್ರವಾಗಿ ನಿಂತಿವೆ. ಆ ಕಾಲದ ಕಟ್ಟಡಗಳಲ್ಲಿ ಇಟ್ಟಿಗೆ ಮತ್ತು ಸುಣ್ಣದ ಗಾರೆಯ ದಪ್ಪ ಗೋಡೆಗಳಿರುತ್ತವೆ. ಮೇಲೆ ಮದ್ರಾಸ್ ತಾರಸಿ: ತೇಗದ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಅದರ ಮೇಲೆ ಬಡಿದು ಬಡಿದು ಗಟ್ಟಿ ಮಾಡಿದ ಸುಣ್ಣದ ಹಾಸು. ಸುಣ್ಣದ ಗಾರೆಗೆ ಒಂದು ಗುಣವಿದೆ. ಅದು ನೀರನ್ನು ಹೀರುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಹಾಗಾಗಿ ನೆನೆದರೂ ಒಣಗುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ಏನಾಗುತ್ತದೆ? ಸಿಮೆಂಟು ನೀರನ್ನು ಹೊರಗೆ ಬಿಡುವುದಿಲ್ಲ. ಎಲ್ಲೋ ಒಂದು ಬಿರುಕಿನಿಂದ ಒಳಗೆ ಹೋದ ನೀರು ಅಲ್ಲೇ ಕೂರುತ್ತದೆ, ಸುಣ್ಣ ಪುಡಿಯಾಗುತ್ತದೆ, ತೊಲೆಯ ತುದಿ ಗೋಡೆಯೊಳಗೆ ಕೊಳೆಯುತ್ತದೆ. ಹೊರಗಿನಿಂದ ನೋಡಿದರೆ ನುಣ್ಣಗೆ ಬಣ್ಣ ಬಳಿದ ಗೋಡೆ. ಸೋರಿಕೆ ಕಂಡ ಕಡೆಯಲ್ಲೆಲ್ಲ ಸಿಮೆಂಟು ಮೆತ್ತುವುದನ್ನೇ ನಾವು ದುರಸ್ತಿ ಎಂದು ಕರೆದುಕೊಂಡು ಬಂದೆವು.

ಇದರ ಜೊತೆಗೆ ಗಿಡಗಳು. ಹಕ್ಕಿ ಹಿಕ್ಕೆಯಲ್ಲಿ ಬಂದ ಅರಳಿ, ಆಲದ ಬೀಜ ಕೈಪಿಡಿ ಗೋಡೆಯ ಸಂದಿನಲ್ಲಿ ಮೊಳೆಯುತ್ತದೆ. ಮೊದಲ ವರ್ಷ ಬೆರಳಿನಿಂದ ಕಿತ್ತು ಬಿಸಾಡಬಹುದು. ಹತ್ತನೆಯ ವರ್ಷ ಅದನ್ನು ಕಿತ್ತರೆ ಗೋಡೆಯೂ ಜೊತೆಯಲ್ಲಿ ಬರುತ್ತದೆ. ಮಳೆನೀರು ಇಳಿಯುವ ಕೊಳವೆಯಲ್ಲಿ ಎಲೆ, ಪ್ಲಾಸ್ಟಿಕ್ಕು ಕಟ್ಟಿಕೊಂಡರೆ ತಾರಸಿ ಕೆರೆಯಾಗುತ್ತದೆ. ಜೂನ್, ಜುಲೈ ಎರಡು ತಿಂಗಳು ಕುಡಿದ ಗೋಡೆ ಆಗಸ್ಟಿನಲ್ಲಿ ಭಾರ ತಾಳದೆ ಬಿದ್ದರೆ ಆಶ್ಚರ್ಯಪಡಬೇಕಾದ್ದೇನೂ ಇಲ್ಲ.

ಇನ್ನು ಒಳಗಿನವರ ಕೈವಾಡ. ಅದನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಹಳೆಯ ಮಾರುಕಟ್ಟೆಗಳಲ್ಲಿ ಅಂಗಡಿ ಚಿಕ್ಕದಾಯಿತು ಎಂದು ಪಕ್ಕದ ಗೋಡೆಯನ್ನು ಕೊರೆಯುವುದು, ಅಟ್ಟ ಹಾಕಿ ಅದರ ಮೇಲೆ ಮೂಟೆ ಪೇರಿಸುವುದು, ಕಬ್ಬಿಣದ ಷಟರಿಗಾಗಿ ಕಮಾನಿನ ಕಾಲನ್ನೇ ಕತ್ತರಿಸುವುದು ಎಲ್ಲ ಊರಿನಲ್ಲೂ ನಡೆದಿದೆ. ಕಮಾನು ತನ್ನ ಭಾರವನ್ನು ಎರಡು ಕಾಲಿಗೆ ಹಂಚಿ ನಿಲ್ಲುವಂಥದ್ದು. ಒಂದು ಕಾಲನ್ನು ಸವರಿದರೆ ಪಕ್ಕದ ನಾಲ್ಕು ಕಮಾನುಗಳಿಗೂ ಅದರ ಪೆಟ್ಟು. ಇದನ್ನು ತಡೆಯಬೇಕಾದವರು ಯಾರು? ಮಾಲೀಕರು. ಮಾಲೀಕರು ಯಾರು? ಪಾಲಿಕೆ. ಪಾಲಿಕೆಗಳು ಯಾಕೆ ನೋಡುವುದಿಲ್ಲ? ಇಲ್ಲಿ ಬಾಡಿಗೆಯ ವಿಷಯ ಬರುತ್ತದೆ. ಹಳೆಯ ಮಾರುಕಟ್ಟೆಯ ಮಳಿಗೆಗಳ ಬಾಡಿಗೆ ಎಂದೋ ನಿಗದಿಯಾದದ್ದು, ಸುತ್ತಮುತ್ತಲಿನ ದರಕ್ಕೆ ಹೋಲಿಸಿದರೆ ಬಹಳ ಕಡಿಮೆ. ಮೂಲ ಬಾಡಿಗೆದಾರ ಒಬ್ಬ, ಒಳಬಾಡಿಗೆಗೆ ಕೂತವನು ಇನ್ನೊಬ್ಬ, ನಡುವೆ ಓಡಾಡುವ ಹಣ ಯಾವ ಪುಸ್ತಕದಲ್ಲೂ ಇಲ್ಲ. ಪಾಲಿಕೆಗೆ ಬರುವುದು ಚಿಲ್ಲರೆ. ಚಿಲ್ಲರೆ ಬರುವ ಕಟ್ಟಡಕ್ಕೆ ಯಾರು ಖರ್ಚು ಮಾಡುತ್ತಾರೆ? ಹೀಗೆ ಕಡಿಮೆ ಬಾಡಿಗೆಯಿಂದ ವ್ಯಾಪಾರಿಗೂ ಸಂತೋಷ, ಜವಾಬ್ದಾರಿ ಇಲ್ಲದ್ದರಿಂದ ಪಾಲಿಕೆಗೂ ಸಂತೋಷ. ದುಃಖ ಕಟ್ಟಡಕ್ಕೆ ಮಾತ್ರ.

ಕೆಡವಬೇಕು ಎನ್ನುವವರನ್ನು ಖಳರು ಎಂದು ಬಗೆಯುವ ಅಭ್ಯಾಸ ನಮ್ಮಂಥವರಿಗಿದೆ. ಅದು ಸರಿಯಲ್ಲ. ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ನಾಲ್ಕು ಜೀವ ಹೋದದ್ದು ನಿಜ. ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ಒಳಗೆ ಬರಲಾಗದ ಓಣಿಗಳಿವೆ. 2012ರ ಫೆಬ್ರವರಿಯಲ್ಲಿ ಬೆಂಗಳೂರಿನ ರಸೆಲ್ ಮಾರುಕಟ್ಟೆಗೆ ಬೆಂಕಿ ಬಿದ್ದಾಗ ಎಷ್ಟೊಂದು ಅಂಗಡಿಗಳು ಸುಟ್ಟುಹೋದವು ಎಂಬುದನ್ನು ಮರೆಯಬಾರದು. ಬೆಳಗಿನ ಜಾವದಿಂದ ರಾತ್ರಿಯವರೆಗೆ ಕೂತು ಹೂ ಕಟ್ಟುವ ಹೆಂಗಸರಿಗೆ ನೆಟ್ಟಗೊಂದು ಶೌಚಾಲಯ ಬೇಕು. ಸಂಜೆಗೆ ಉಳಿದ ಹೂವಿಗೆ, ಹಣ್ಣಿಗೆ ತಂಪುಕೋಣೆ ಬೇಕು. ಮೂಟೆ ಇಳಿಸುವ ಲಾರಿಗೆ ನಿಲ್ಲುವ ತಾವು ಬೇಕು. ಹಳೆಯ ಗೋಡೆಯ ಚೆಲುವನ್ನು ಹೊಗಳುವವರಲ್ಲಿ ಬಹಳ ಮಂದಿ ಆ ಗೋಡೆಯ ಕೆಳಗೆ ದಿನಕ್ಕೆ ಹದಿನಾಲ್ಕು ಗಂಟೆ ಕೂರುವವರಲ್ಲ. ನಾನೂ ಅವರಲ್ಲೊಬ್ಬ.

ಇನ್ನೊಂದು ಮಾತು. ನಾವು ಇಂದು ಪರಂಪರೆ ಎಂದು ಕರೆಯುವ ಮೈಸೂರು ತನ್ನ ಕಾಲದಲ್ಲಿ ಅಪ್ಪಟ ಹೊಸ ಊರು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಸುಟ್ಟಿತು. ಅದೇ ಜಾಗದಲ್ಲಿ ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ ಹೊಸದು ಎದ್ದು 1912ರಲ್ಲಿ ಮುಗಿಯಿತು. ಅದರ ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. ಆ ಕಾಲಕ್ಕೆ ಅದು ಎಂಥ ಆಧುನಿಕ ಕೆಲಸ! ಕೋಟೆಯೊಳಗೆ ಒತ್ತೊತ್ತಾಗಿದ್ದ ಮನೆಗಳನ್ನು ತೆರವು ಮಾಡಿ, ಪ್ಲೇಗಿನ ಭಯಕ್ಕೆ ಹೊಸ ಬಡಾವಣೆಗಳನ್ನು ಮಾಡಿ, 1903ರಲ್ಲಿ ನಗರ ಅಭಿವೃದ್ಧಿ ಟ್ರಸ್ಟ್ ಮಂಡಳಿಯನ್ನು ಕಟ್ಟಿ, ಅಗಲ ರಸ್ತೆ, ವೃತ್ತ, ಉದ್ಯಾನ ಎಲ್ಲ ಹಾಕಿದರು. ಲ್ಯಾನ್ಸ್‌ಡೌನ್ ಕಟ್ಟಡವೂ 1892ರಲ್ಲಿ ವೈಸರಾಯ್ ಬಂದ ನೆನಪಿಗೆ ಎದ್ದ ಹೊಸ ವ್ಯಾಪಾರದ ಕಟ್ಟಡ. ಈಚಿನವರೆಗೆ ಅದರ ಸಾಲಿನಲ್ಲಿ ಹಳೆಯ ಪುಸ್ತಕದಂಗಡಿಗಳಿದ್ದವು. ಮೈಸೂರಿನ ಎಷ್ಟೋ ಮಕ್ಕಳ ಪಠ್ಯಪುಸ್ತಕ ಅಲ್ಲಿಂದ ಬಂದದ್ದು. ಆದ್ದರಿಂದ ಹೊಸದು ಬಂದರೆ ಊರು ಹಾಳಾಯಿತು ಎನ್ನುವುದಕ್ಕೆ ಮೈಸೂರಿನ ಚರಿತ್ರೆಯೇ ಒಪ್ಪುವುದಿಲ್ಲ. ಒಡೆಯರ ಕಾಲದಲ್ಲಿ ಕೆಡವಿದರು, ಕಟ್ಟಿದರು. ಆದರೆ ಕಟ್ಟಿದ್ದನ್ನು ನೋಡಿಕೊಳ್ಳುವುದಕ್ಕೆ ಜನರನ್ನೂ ಇಟ್ಟಿದ್ದರು, ಹಣವನ್ನೂ ಇಟ್ಟಿದ್ದರು. ನಾವು ಬಿಟ್ಟದ್ದು ಎರಡನೆಯ ಕೆಲಸವನ್ನು.

ಇದಕ್ಕೆ ಅದೇ ರಾಜಕುಮಾರಿಯ ಹೆಸರಿನ ಕಟ್ಟಡವೊಂದು ಸಾಕ್ಷಿ. ಮಾನಸಗಂಗೋತ್ರಿಯ ಜಯಲಕ್ಷ್ಮಿವಿಲಾಸ, ಜಾನಪದ ವಸ್ತುಸಂಗ್ರಹಾಲಯ ಇರುವ ಅರಮನೆ, 1905ರದು. ಈ ಶತಮಾನದ ಮೊದಲ ದಶಕದಲ್ಲಿ ದಾನಿಗಳ ನೆರವಿನಿಂದ ಅದರ ಜೀರ್ಣೋದ್ಧಾರ ಆಯಿತು. ಚೆನ್ನಾಗಿಯೇ ಆಯಿತು. ನಾವೆಲ್ಲ ಹೋಗಿ ನೋಡಿ ಸಂತೋಷಪಟ್ಟೆವು. ಎರಡು ದಶಕ ಕಳೆಯುವ ಮೊದಲೇ ಮತ್ತೆ ಸೋರಿಕೆ, ಮತ್ತೆ ಮುಚ್ಚಿದ ಕೋಣೆಗಳು, ಮತ್ತೆ ಹೊಸ ನೆರವಿಗಾಗಿ ಮನವಿ. ಜೀರ್ಣೋದ್ಧಾರಕ್ಕೆ ಉದ್ಘಾಟನೆಯ ಫಲಕ ಹಾಕಬಹುದು. ವರ್ಷಕ್ಕೊಮ್ಮೆ ತಾರಸಿ ಗುಡಿಸಿದ್ದಕ್ಕೆ ಯಾವ ಮಂತ್ರಿಯ ಹೆಸರಿನ ಫಲಕವೂ ಇರುವುದಿಲ್ಲ. ನನಗೆ ಅನ್ನಿಸುವಂತೆ ಅರ್ಧ ತೊಂದರೆ ಇಲ್ಲೇ ಇದೆ.

ಈಗ ಹೊಸದರ ಪ್ರಶ್ನೆಗೆ ಬರೋಣ. ಊರು ಬೆಳೆದಿದೆ. ನಡುಭಾಗದ ನೆಲಕ್ಕೆ ಬೆಲೆ ಏರಿದೆ. ಒಂದೇ ಅಂತಸ್ತಿನ ಮಾರುಕಟ್ಟೆಯ ಜಾಗದಲ್ಲಿ ನಾಲ್ಕು ಅಂತಸ್ತು ಎದ್ದರೆ ನಾಲ್ಕು ಪಟ್ಟು ಮಳಿಗೆ, ನೆಲಮಾಳಿಗೆಯಲ್ಲಿ ವಾಹನ ನಿಲುಗಡೆ, ಪಾಲಿಕೆಗೆ ಆದಾಯ. ಈ ಲೆಕ್ಕ ಕಾಗದದ ಮೇಲೆ ಬಹಳ ಅಂದ. ನೆಲಮಾಳಿಗೆಯ ವಿಷಯದಲ್ಲಿ ಮಾತ್ರ ನಮ್ಮ ಊರಿಗೆ ಸ್ವಲ್ಪ ಅನುಭವ ಉಂಟು. ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾದಾಗ ದಿವಾನರಾಗಿದ್ದ ರಂಗಾಚಾರ್ಲು ಅವರ ನೆನಪಿನ ಪುರಭವನದ ಅಂಗಳದಲ್ಲಿ ಬಹುಹಂತದ ವಾಹನ ನಿಲುಗಡೆಯ ಕೆಲಸ ಎಷ್ಟು ವರ್ಷ ಎಳೆಯಿತು ಎಂಬುದನ್ನು ಮೈಸೂರಿಗರಿಗೆ ಹೇಳಬೇಕಾದ್ದಿಲ್ಲ. ಕಾರು ನಿಲ್ಲಿಸಲು ತಾವು ಬೇಕು, ಒಪ್ಪಿದೆ. ಆದರೆ ಹೂವಿನ ಮಾರುಕಟ್ಟೆಗೆ ಬರುವವರಲ್ಲಿ ಬಹಳ ಮಂದಿ ನಗರ ಬಸ್ ನಿಲ್ದಾಣದಿಂದ ನಡೆದು ಬರುವವರು. ಅವರಿಗೆ ಬೇಕಾದ್ದು ಕಾಲುದಾರಿ.

ಹಾಗಾದರೆ ನೆಲದ ಬೆಲೆಯನ್ನು ಏನು ಮಾಡುವುದು? ಇದಕ್ಕೆ ಬೇರೆ ಊರುಗಳು ಕಂಡುಕೊಂಡ ಒಂದು ದಾರಿ ಇದೆ. ನ್ಯೂಯಾರ್ಕಿನವರು 1963ರಲ್ಲಿ ತಮ್ಮ ಭವ್ಯವಾದ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕೆಡವಲು ಶುರುಮಾಡಿದರು. ಆಮೇಲೆ ಮರುಗಿದರು. 1965ರಲ್ಲಿ ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ಕಾನೂನು ಮಾಡಿದರು. ಸ್ವಲ್ಪ ವರ್ಷಗಳಲ್ಲೇ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ತಲೆಯ ಮೇಲೆ ಐವತ್ತಕ್ಕೂ ಹೆಚ್ಚು ಅಂತಸ್ತಿನ ಗೋಪುರ ಕಟ್ಟುವ ಯೋಜನೆ ಬಂತು. ನಗರ ಬೇಡವೆಂದಿತು, ಕಂಪನಿ ನ್ಯಾಯಾಲಯಕ್ಕೆ ಹೋಯಿತು, 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ನಗರದ ಪರ ತೀರ್ಪು ಕೊಟ್ಟಿತು. ಆ ತೀರ್ಪಿನಲ್ಲಿ ತೂಗಿದ ಒಂದು ವಿಷಯ ಹೀಗಿತ್ತು: ನಿಲ್ದಾಣದ ಮೇಲೆ ಕಟ್ಟಲಾಗದ ಅಂತಸ್ತುಗಳ ಹಕ್ಕನ್ನು ಹತ್ತಿರದ ಬೇರೆ ನಿವೇಶನಗಳಿಗೆ ವರ್ಗಾಯಿಸಲು ಮಾಲೀಕರಿಗೆ ಅವಕಾಶವಿತ್ತು. ಕಟ್ಟುವ ಹಕ್ಕು ಹೋಗಲಿಲ್ಲ, ಜಾಗ ಬದಲಾಯಿತು ಅಷ್ಟೆ.

ಇದು ನಮಗೆ ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ. ಕಟ್ಟುವ ಹಕ್ಕಿನ ಈ ವರ್ಗಾವಣೆಗೆ ಕರ್ನಾಟಕದಲ್ಲಿ ಟಿಡಿಆರ್ ಎಂದು ಹೆಸರು, ಆಸ್ತಿ ವ್ಯವಹಾರ ಬಲ್ಲ ಯಾರಿಗಾದರೂ ಗೊತ್ತು. ಆದರೆ ಆ ಮಾತು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ರಸ್ತೆ ಅಗಲೀಕರಣ. ರಸ್ತೆಗಾಗಿ ಮನೆಯ ಮುಂಭಾಗ ಬಿಟ್ಟುಕೊಟ್ಟವರಿಗೆ ಬೇರೆ ಕಡೆ ಹೆಚ್ಚುವರಿಯಾಗಿ ಕಟ್ಟುವ ಹಕ್ಕಿನ ಪತ್ರ. ಅಂದರೆ ಇನ್ನೊಂದು ಊರು ಹಳೆಯ ಕಟ್ಟಡವನ್ನು ಉಳಿಸಲು ಬಳಸಿದ ಆಯುಧವನ್ನು ನಾವು ಬಹುಮಟ್ಟಿಗೆ ಹಳೆಯ ಬೀದಿಗಳ ಮೂತಿ ಕೆತ್ತಲು ಬಳಸಿದ್ದೇವೆ. ಪಾರಂಪರಿಕ ಮನೆಯನ್ನು ಕೆಡವದೆ ಇಟ್ಟುಕೊಂಡ ಖಾಸಗಿ ಮಾಲೀಕನಿಗೂ ಅದು ಸಲೀಸಾಗಿ ಕೈಗೆ ಸಿಗುವಂತಾಗಬೇಕು, ಆ ಪತ್ರವನ್ನು ಹೊರವರ್ತುಲ ರಸ್ತೆಯ ಆಚೆ ಬೆಳೆಯುತ್ತಿರುವ ಬಡಾವಣೆಗಳಲ್ಲಿ ಮಾರುವಂತಿರಬೇಕು. ಲಕ್ಷ್ಮೀಪುರ, ಕೃಷ್ಣಮೂರ್ತಿಪುರ, ಅಗ್ರಹಾರದಲ್ಲಿ ತಾತನ ಮನೆಯನ್ನು ಇಟ್ಟುಕೊಂಡು ಪರದಾಡುವ ಕುಟುಂಬಗಳು ಎಷ್ಟಿಲ್ಲ? ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಹೆಸರು ಸೇರಿಸಿ, ಕೆಡವಬೇಡಿ ಎಂದು ಹೇಳಿ, ಹೆಂಚು ಬದಲಿಸುವ ಖರ್ಚಿಗೆ ಒಂದು ಕಾಸೂ ಕೊಡದಿದ್ದರೆ ಆ ಮನೆಯವರು ಮಳೆ ತಾನಾಗಿ ಕೆಡವಲಿ ಎಂದು ಕಾಯುತ್ತಾರೆ. ಕಾಯುತ್ತಿದ್ದಾರೆ ಕೂಡ.

ಸಿಂಗಪುರದವರದು ಇನ್ನೂ ಬೇರೆ ಕ್ರಮ. ಹಳೆಯ ಅಂಗಡಿಮನೆಗಳ ಕೇರಿಗಳನ್ನು ಹಲವು ವರ್ಷ ಬೀಸಾಗಿ ಕೆಡವಿ ಎತ್ತರದ ಕಟ್ಟಡ ಕಟ್ಟಿದ ಮೇಲೆ, 1989ರಲ್ಲಿ ಚೈನಾಟೌನ್, ಲಿಟಲ್ ಇಂಡಿಯಾ, ಕಂಪೋಂಗ್ ಗ್ಲಾಮ್ ಮುಂತಾದ ಕೇರಿಗಳನ್ನು ಇಡಿಯಾಗಿ ಸಂರಕ್ಷಣೆಗೆ ಸೇರಿಸಿದರು. ಇಂದು ಅಲ್ಲಿ 7,000ಕ್ಕೂ ಹೆಚ್ಚು ಕಟ್ಟಡಗಳಿಗೆ ರಕ್ಷಣೆ ಇದೆ. ಒಂದೊಂದೇ ಕಟ್ಟಡವನ್ನು ಹಿಡಿದು ಜಗ್ಗಾಡುವುದಕ್ಕಿಂತ ಕೇರಿಯನ್ನೇ ಹಿಡಿಯುವುದು ಮೇಲು ಎಂದು ನನಗೂ ಅನ್ನಿಸುತ್ತದೆ. ಆದರೆ ಬೆಲೆ ಏರಿ ಹಳೆಯ ಕುಶಲಕರ್ಮಿಗಳು, ಸಣ್ಣ ವ್ಯಾಪಾರಿಗಳು ಅಲ್ಲಿಂದ ಕಾಲ್ತೆಗೆದರು, ಕಾಫಿ ಬಾರು, ವಾಸ್ತುಶಿಲ್ಪಿಗಳ ಕಚೇರಿಗಳು ಬಂದವು. ಗೋಡೆ ಉಳಿಯಿತು, ಕಸುಬು ಉಳಿಯಲಿಲ್ಲ. ದೇವರಾಜ ಮಾರುಕಟ್ಟೆಗೆ ಈ ಗತಿ ಬಂದರೆ ಬಿದ್ದದ್ದಕ್ಕಿಂತ ಅದೇನೂ ಮೇಲಲ್ಲ.

ನಮ್ಮ ಹತ್ತಿರದಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ಬೆಂಗಳೂರಿನ ಅಠಾರಾ ಕಚೇರಿ, ಹೈಕೋರ್ಟು ಇರುವ ಕೆಂಪು ಕಟ್ಟಡ, 1868ರಲ್ಲಿ ಮುಗಿದದ್ದು. 1980ರ ದಶಕದ ಮೊದಲಲ್ಲಿ ಅದನ್ನು ಕೆಡವುವ ಯೋಚನೆ ಸರ್ಕಾರಕ್ಕೆ ಬಂತು. ನಾಗರಿಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಹತ್ತಿದ ಮೆಟ್ಟಿಲು ಆ ಕಟ್ಟಡದ್ದೇ! ಅರ್ಜಿ ವಜಾ ಆಯಿತು, ಆದರೂ ಜನಾಭಿಪ್ರಾಯ ಗೆದ್ದು ಕಟ್ಟಡ ಉಳಿಯಿತು. ಬೇಕಾಗಿದ್ದ ಹೆಚ್ಚಿನ ಜಾಗವನ್ನು ಅದರ ಹಿಂದುಗಡೆ ಕಟ್ಟಿಕೊಂಡರು. ಈಗ ವಿಧಾನಸೌಧದ ಎದುರಿಗೆ ಆ ಕೆಂಪು ಕಟ್ಟಡ ಇಲ್ಲದಿದ್ದರೆ ಎಂದು ಊಹಿಸಿಕೊಳ್ಳಲೂ ಆಗುವುದಿಲ್ಲ. ಹಳೆಯದರ ಬೆನ್ನಿಗೆ, ಅದರ ಎತ್ತರವನ್ನು ಮೀರಿ ಕಣ್ಣಿಗೆ ರಾಚದಂತೆ ಹೊಸದು ಬರುವುದಾದರೆ ನನ್ನ ತಕರಾರೇನೂ ಇಲ್ಲ.

ದೇವರಾಜ ಮಾರುಕಟ್ಟೆಯ ವಿಷಯದಲ್ಲಿ ಒಂದು ಮಾತು ಕೇಳಿಬರುತ್ತದೆ: ಕೆಡವಿದರೂ ಅದೇ ಶೈಲಿಯಲ್ಲಿ ಕಟ್ಟುತ್ತೇವೆ, ನೋಡಿದರೆ ವ್ಯತ್ಯಾಸ ತಿಳಿಯದು. ನಾನು ಇದನ್ನು ಪೂರ್ತಿ ಅಲ್ಲಗಳೆಯುವುದಿಲ್ಲ. ನಿಜವಾಗಿಯೂ ಅಪಾಯದಲ್ಲಿರುವ ಭಾಗವನ್ನು ಬಿಚ್ಚಲೇಬೇಕಾದೀತು. ಆದರೆ ಶೈಲಿ ಎಂದರೆ ಕಾಂಕ್ರೀಟಿನ ಮೇಲೆ ಅಂಟಿಸಿದ ಕಮಾನೇ? ಆ ಮಾರುಕಟ್ಟೆಯ ಗುಣ ಇರುವುದು ಓಣಿಯ ಅಗಲದಲ್ಲಿ, ಮೇಲಿನಿಂದ ಇಳಿಯುವ ಬೆಳಕಿನಲ್ಲಿ, ಎಲ್ಲ ಕಡೆಯಿಂದಲೂ ಒಳಕ್ಕೆ ನುಗ್ಗಬಹುದಾದ ಬಾಗಿಲುಗಳಲ್ಲಿ, ಎಲ್ಲಕ್ಕಿಂತ ಮುಖ್ಯವಾಗಿ ಎಲ್ಲವೂ ನೆಲದ ಮಟ್ಟದಲ್ಲೇ ಇರುವುದರಲ್ಲಿ. ಒಂದು ಮೊಳ ಹೂ ಕೊಳ್ಳಲು ಯಾರೂ ಎರಡನೆಯ ಮಹಡಿ ಹತ್ತುವುದಿಲ್ಲ. ಊರೂರಿನ ಪುರಸಭೆಯ ವಾಣಿಜ್ಯ ಸಂಕೀರ್ಣಗಳ ಮೇಲಂತಸ್ತಿನಲ್ಲಿ ಬೀಗ ಹಾಕಿದ ಮಳಿಗೆಗಳನ್ನು ನೀವೂ ನೋಡಿದ್ದೀರಿ.

ದಸರೆಯ ದಿನ ಇನ್ನೊಂದು ವಿಷಯ ಎದ್ದು ಕಾಣುತ್ತದೆ. ಜಂಬೂಸವಾರಿ ಅರಮನೆಯಿಂದ ಹೊರಟು ಇದೇ ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪಕ್ಕೆ ಹೋಗುತ್ತದೆ. ಎರಡು ಕಡೆಯ ಕಟ್ಟಡಗಳೇ ಜನರಿಗೆ ಮೆಟ್ಟಿಲುಸಾಲು. ಶಿಥಿಲ ಕಟ್ಟಡಗಳ ಮೇಲೆ ಹತ್ತಬೇಡಿ ಎಂದು ಪೊಲೀಸರು, ಪಾಲಿಕೆಯವರು ಎಚ್ಚರಿಕೆ ಕೊಡುತ್ತಾರೆ. ಆ ಕಟ್ಟಡಗಳು ಯಾವುವೆಂದು ಅವರಿಗೆ ಗೊತ್ತು ಎಂದಾಯಿತು. ಹಬ್ಬದ ಒಂದು ದಿನಕ್ಕೆ ಗೊತ್ತಾಗುವುದು ಉಳಿದ ದಿನಗಳಲ್ಲಿ ಯಾಕೆ ಮರೆತುಹೋಗುತ್ತದೆ?

ನನ್ನ ಬೇಡಿಕೆಗಳು ದೊಡ್ಡವಲ್ಲ. ಊರಿನ ನಡುಭಾಗದ ಪ್ರತಿಯೊಂದು ಸಾರ್ವಜನಿಕ ಹಳೆಯ ಕಟ್ಟಡಕ್ಕೂ ಒಂದು ದುರಸ್ತಿ ಪುಸ್ತಕ ಇರಲಿ. ಕೊಳವೆ ತೆಗೆಸಿದ್ದು ಯಾವಾಗ, ಗಿಡ ಕಿತ್ತದ್ದು ಯಾವಾಗ, ಗೋಡೆ ಕೊರೆದವರು ಯಾರು, ಎಲ್ಲ ಅದರಲ್ಲಿ ದಾಖಲಾಗಲಿ, ಅದನ್ನು ಯಾರು ಬೇಕಾದರೂ ಓದುವಂತಿರಲಿ. ಬಾಡಿಗೆಯನ್ನು ನ್ಯಾಯವಾದ ಮಟ್ಟಕ್ಕೆ ಏರಿಸಿ, ಏರಿಸಿದ ಹಣವನ್ನು ಅದೇ ಕಟ್ಟಡದ ಖಾತೆಯಲ್ಲಿಡಲಿ. ಬೀದಿದೀಪಕ್ಕೋ ಸ್ವಾಗತ ಕಮಾನಿಗೋ ಅದು ಹರಿದುಹೋಗಬಾರದು. ಸುಣ್ಣದ ಗಾರೆ ಕೆಲಸ ಬಲ್ಲ ಮೇಸ್ತ್ರಿಗಳು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಸುಣ್ಣವನ್ನು ಎಷ್ಟು ದಿನ ನೆನೆಹಾಕಬೇಕು, ಬೆಲ್ಲದ ನೀರು ಎಷ್ಟು ಬೆರೆಸಬೇಕು ಎಂಬುದನ್ನು ಅವರ ಜೊತೆ ಕೈಯಾಡಿಸಿಯೇ ಕಲಿಯಬೇಕು. ಐಟಿಐಗಳಲ್ಲಿ ಅದಕ್ಕೊಂದು ತರಗತಿ ಮಾಡಿದರೆ ಹತ್ತಾರು ಹುಡುಗರಿಗೆ ಕೆಲಸವೂ ಸಿಗುತ್ತದೆ. ಮೈಸೂರಿನಲ್ಲಿ ಅವರಿಗೆ ಕೆಲಸದ ಬರ ಬರುವುದಿಲ್ಲ.

ಕಡೆಯದಾಗಿ ವ್ಯಾಪಾರಿಗಳ ವಿಷಯ. ದುರಸ್ತಿಯಾಗಲಿ, ಮರುನಿರ್ಮಾಣವಾಗಲಿ, ಕೆಲಸ ನಡೆಯುವಾಗ ಅವರು ಎಲ್ಲೋ ಕೂರಬೇಕು. ಅವರ ಹೆದರಿಕೆ ಕಟ್ಟಡದ ಬಗ್ಗೆ ಮಾತ್ರ ಅಲ್ಲ: ಒಮ್ಮೆ ಎದ್ದರೆ ಮತ್ತೆ ಕೂರಲು ಬಿಡುತ್ತಾರೆಯೇ, ಕೂತರೂ ಹೊಸ ಹರಾಜಿನಲ್ಲಿ ಮಳಿಗೆ ಇನ್ಯಾರದೋ ಪಾಲಾಗುವುದಿಲ್ಲವೇ ಎಂದು. ಈ ಹೆದರಿಕೆ ಇರುವವರೆಗೆ ಒಳ್ಳೆಯ ಯೋಜನೆಗೂ ತಡೆಯಾಜ್ಞೆ ಬಂದೇ ಬರುತ್ತದೆ, ವರ್ಷಗಳು ಹೋಗುತ್ತವೆ. ಆದ್ದರಿಂದ ಮೊದಲ ಇಟ್ಟಿಗೆ ತೆಗೆಯುವುದಕ್ಕೆ ಮುಂಚೆ ಪ್ರತಿಯೊಬ್ಬ ವ್ಯಾಪಾರಿಯ ಕೈಗೂ ಒಂದು ಕಾಗದ ಬರಬೇಕು. ಇಂಥ ಅಳತೆಯ ಮಳಿಗೆ, ಇಂಥ ಓಣಿಯಲ್ಲಿ, ಇಷ್ಟು ಬಾಡಿಗೆಗೆ, ಇಂಥ ತಾರೀಖಿನೊಳಗೆ ನಿಮಗೆ ವಾಪಸು ಎಂದು ಅದರಲ್ಲಿ ಬರೆದಿರಬೇಕು, ಕೆಳಗೆ ಆಯುಕ್ತರ ಸಹಿ ಇರಬೇಕು. ಮಳಿಗೆ ಇಲ್ಲದೆ ಓಣಿಯ ಅಂಚಿನಲ್ಲಿ ಬುಟ್ಟಿ ಇಟ್ಟು ಕೂರುವ ಹೂವಿನವರಿಗೆ, ನಿಂಬೆಹಣ್ಣಿನವರಿಗೆ, ಕರಿಬೇವಿನವರಿಗೂ ಆ ಕಾಗದ ಸಲ್ಲಬೇಕು. ಅವರ ಹೆಸರು ಈಗ ಯಾವ ಪಟ್ಟಿಯಲ್ಲಿದೆ ಎಂಬುದನ್ನು ಪಾಲಿಕೆಯವರು ಮೊದಲು ಹುಡುಕಲಿ.